ಕಳ್ಳರ ಕೇರಿಯ ದೇವಮಂದಿರ

ಲಂಡನ್ ಮಹಾನಗರದ ಹೃದಯಭಾಗದಲ್ಲಿ ಹೋಬರ್ನ್ ಎಂಬ ರಾಜಬೀದಿಯೊಂದುಂಟು. ಹಗಲೆಲ್ಲ ವಾಹನಗಳ ಸದ್ದು, ಕಚೇರಿಗಳಿಗೆ ಧಾವಿಸುವ ಜನರ ಸಂದಣಿ. ಪ್ರುಡೆನ್ಷಿಯಲ್ ವಿಮಾ ಸಂಸ್ಥೆಗಾಗಿ ಕಟ್ಟಿದ ಕೆಂಪು ಸೌಧವು ಅಲ್ಲಿ ಕೋಟೆಯಂತೆ ತಲೆಯೆತ್ತಿ ನಿಂತಿದೆ. ಅದರ ಮಗ್ಗುಲಲ್ಲಿಯೇ ಬ್ರೂಕ್ ಬೀದಿಯೆಂಬ ಕಿರಿದಾದ ಓಣಿ. ಆ ಓಣಿಯನ್ನು ಹಿಡಿದು ಕೆಲವೇ ಹೆಜ್ಜೆ ನಡೆದರೆ ಗದ್ದಲವೆಲ್ಲ ಹಿಂದೆ ಉಳಿದು, ಮನೆಯ ಮಾಡಿನಂಥ ಇಳಿಜಾರು ಚಾವಣಿಯನ್ನು ಹೊತ್ತ ಎತ್ತರವಾದ ಇಟ್ಟಿಗೆಯ ಗೋಪುರವೊಂದು ಎದುರಾಗುತ್ತದೆ. ಇದೇ ಹುತಾತ್ಮ ಸಂತ ಆಲ್ಬನ್ನರ ಹೆಸರಿನ ದೇವಾಲಯ.

ಲಂಡನ್ನನ್ನು ನೋಡಲು ಹೋದವರು ಸಾಮಾನ್ಯವಾಗಿ ಸಂತ ಪಾಲರ ಮಹಾದೇವಾಲಯಕ್ಕೂ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೂ ಹೋಗಿ ಬರುತ್ತಾರೆಯೇ ಹೊರತು ಈ ಓಣಿಯ ಕಡೆಗೆ ತಿರುಗುವುದಿಲ್ಲ. ಇಲ್ಲಿ ಅರಸರ ಸಮಾಧಿಗಳಿಲ್ಲ, ಸೇನಾನಿಗಳ ಪ್ರತಿಮೆಗಳಿಲ್ಲ. ಆದರೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡು ತನ್ನ ಬಡವರನ್ನು ಹೇಗೆ ಕಂಡಿತು, ಅವರ ನಡುವೆ ನೆಲಸಿದ ಕೆಲವರು ಏನೇನು ಪಾಡುಪಟ್ಟರು ಎಂಬುದನ್ನು ತಿಳಿಯಬೇಕಾದರೆ ಈ ಪುಟ್ಟ ಕೇರಿಯ ದೇವಾಲಯದ ಕಥೆಯನ್ನು ಕೇಳಬೇಕು.

ಹೆಸರು ಮಾತ್ರ ಉದ್ಯಾನ

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಜನಸಂಖ್ಯೆ ಹತ್ತು ಲಕ್ಷದಷ್ಟಿತ್ತು. ಶತಮಾನ ಮುಗಿಯುವ ವೇಳೆಗೆ ಅದು ಅರುವತ್ತು ಲಕ್ಷವನ್ನು ಮೀರಿತು. ಹಳ್ಳಿಗಳನ್ನು ಬಿಟ್ಟು ಬಂದವರೂ ಐರ್ಲೆಂಡಿನಿಂದ ಹಸಿದು ಬಂದವರೂ ಸಿಕ್ಕಿದ ಮೂಲೆಯಲ್ಲಿ ತಲೆಮರೆಸಿಕೊಂಡರು. ಹೋಬರ್ನಿನ ಹಿಂದಿದ್ದ ಬಾಲ್ಡ್‌ವಿನ್ಸ್ ಗಾರ್ಡನ್ಸ್ ಎಂಬ ಪ್ರದೇಶವು ಅಂಥ ಮೂಲೆಗಳಲ್ಲೊಂದು. ಹೆಸರು ಮಾತ್ರ ಉದ್ಯಾನ. ಅಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ತುಂಬಿ ಹರಿಯುವ ಚರಂಡಿ, ಹಗಲಲ್ಲೂ ಬೆಳಕು ಕಾಣದ ಕಿರುದಾರಿಗಳು. ಕಳ್ಳಕಾಕರ ಕೇರಿಯೆಂದು ಊರೆಲ್ಲ ಹೆಸರಾಗಿದ್ದ ಸ್ಥಳ ಅದು. ಚಾರ್ಲ್ಸ್ ಡಿಕನ್ಸನು ತನ್ನ 'ಆಲಿವರ್ ಟ್ವಿಸ್ಟ್' ಕಾದಂಬರಿಯಲ್ಲಿ ಮಕ್ಕಳಿಗೆ ಜೇಬುಗಳ್ಳತನವನ್ನು ಕಲಿಸುವ ಫೇಗಿನ್ನನ ಬಿಡಾರವನ್ನು ಇರಿಸಿದ್ದು ಇಲ್ಲಿಗೆ ಅತಿ ಸಮೀಪದ ಸ್ಯಾಫ್ರನ್ ಹಿಲ್ಲಿನಲ್ಲಿ. ಆ ಸುತ್ತಿನ ಬಾಳು ಅವನಿಗೆ ಅಪರಿಚಿತವಾಗಿರಲಿಲ್ಲ; ತಾರುಣ್ಯದಲ್ಲಿ ಅವನು ಹೋಬರ್ನಿನಲ್ಲಿಯೇ ವಾಸವಾಗಿದ್ದನು. ಅವನಿಗಿಂತ ಮೊದಲು, ೧೭೭೦ರಲ್ಲಿ, ಹದಿನೇಳು ವರ್ಷದ ಕವಿ ಥಾಮಸ್ ಚಾಟರ್‌ಟನ್ ವಿಷದಿಂದ ಪ್ರಾಣಬಿಟ್ಟಿದ್ದೂ ಬ್ರೂಕ್ ಬೀದಿಯ ಒಂದು ಅಟ್ಟದ ಕೋಣೆಯಲ್ಲಿಯೇ.

೧೮೫೧ರಲ್ಲಿ ಇಂಗ್ಲೆಂಡಿನ ಸರಕಾರವು ಒಂದು ಭಾನುವಾರ ದೇವಾಲಯಗಳಿಗೆ ಬಂದವರನ್ನೆಲ್ಲ ಎಣಿಸಿ ನೋಡಿತು. ಬರಲು ಯಾವ ಅಡ್ಡಿಯೂ ಇಲ್ಲದ ಐವತ್ತು ಲಕ್ಷಕ್ಕೂ ಮಿಕ್ಕ ಜನ ಅಂದು ಯಾವ ದೇವಾಲಯದ ಹೊಸ್ತಿಲನ್ನೂ ಮೆಟ್ಟಿರಲಿಲ್ಲವೆಂದು ತಿಳಿದಾಗ ಸಭ್ಯಸಮಾಜ ಬೆಚ್ಚಿಬಿದ್ದಿತು. ಹಾಗೆ ಬಾರದವರಲ್ಲಿ ಹೆಚ್ಚಿನವರು ನಗರಗಳ ಕೂಲಿಕಾರರು. ಅವರು ಏಕೆ ಬರಬೇಕಿತ್ತು? ಆ ಕಾಲದ ಅನೇಕ ದೇವಾಲಯಗಳಲ್ಲಿ ಆಸನಗಳನ್ನು ವರ್ಷಕ್ಕಿಷ್ಟು ಎಂದು ಬಾಡಿಗೆಗೆ ಕೊಡುವ ಪದ್ಧತಿಯಿತ್ತು. ಹಣವುಳ್ಳವರು ಮುಂದಿನ ಸಾಲಿನಲ್ಲಿ ಕದವಿರುವ ಆಸನಗಳಲ್ಲಿ ಕುಳಿತುಕೊಳ್ಳುತ್ತಿದ್ದರು. ಹರಕು ಬಟ್ಟೆಯವನು ಹಿಂದೆ ಮೂಲೆಯಲ್ಲಿ ನಿಲ್ಲಬೇಕಾಗುತ್ತಿತ್ತು. ದೇವರ ಮನೆಯಲ್ಲಿಯೂ ತನಗೆ ಸ್ಥಳವಿಲ್ಲವೆಂದು ಕಂಡವನು ಹೆಂಡದಂಗಡಿಯ ಕಡೆಗೆ ಹೊರಳಿದರೆ ಆಶ್ಚರ್ಯವೇನು?

ನೆಲಮಾಳಿಗೆಯಿಂದ ಮಂದಿರಕ್ಕೆ

ಈ ಕೇರಿಗೆ ಒಂದು ದೇವಾಲಯ ಬೇಕೆಂದು ಮನಸ್ಸು ಮಾಡಿದವರು ಇಬ್ಬರು ಶ್ರೀಮಂತರು. ಲಾರ್ಡ್ ಲೀ ನಿವೇಶನವನ್ನು ದಾನ ಮಾಡಿದರು. ಹಿಂದೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಜಾನ್ ಗೆಲಿಬ್ರಾಂಡ್ ಹಬ್ಬರ್ಡ್ ಕಟ್ಟಡದ ವೆಚ್ಚವನ್ನು ವಹಿಸಿಕೊಂಡರು. ಸಂತ ಆಂಡ್ರೂವಿನ ಹಳೆಯ ಪ್ಯಾರಿಷ್, ಎಂದರೆ ಒಂದು ದೇವಾಲಯಕ್ಕೆ ಸೇರಿದ ವಸತಿಪ್ರದೇಶ, ವಿಪರೀತ ಬೆಳೆದಿತ್ತು. ಅದರಿಂದ ಒಂದು ತುಂಡನ್ನು ಬೇರ್ಪಡಿಸಿ ಹೊಸ ಪ್ಯಾರಿಷ್ ಮಾಡಲಾಯಿತು. ನಕ್ಷೆ ಬರೆದವರು ವಿಲಿಯಂ ಬಟರ್‌ಫೀಲ್ಡ್. ಕಲ್ಲಿಗಿಂತ ಇಟ್ಟಿಗೆಯೇ ಲಂಡನ್ನಿನ ಮಣ್ಣಿಗೆ ಸಹಜವೆಂದು ನಂಬಿ, ಬೇರೆಬೇರೆ ಬಣ್ಣದ ಇಟ್ಟಿಗೆಗಳನ್ನು ಪಟ್ಟೆಪಟ್ಟೆಯಾಗಿ ಜೋಡಿಸಿ ಗೋಡೆಯನ್ನೇ ಚಿತ್ರವಾಗಿಸಿದ ಶಿಲ್ಪಿ ಅವರು. ಹೊಗೆ ಮುಸುಕಿದ ಆ ಓಣಿಗಳ ನಡುವೆ ಅವರು ಎತ್ತರವಾದ, ಬೆಳಕು ಮೇಲಿನಿಂದ ಧುಮುಕುವ ಮಂದಿರವನ್ನು ಕಲ್ಪಿಸಿಕೊಟ್ಟರು.

ಕಟ್ಟಡ ಮೇಲೇಳುತ್ತಿದ್ದಾಗಲೇ ಕೆಲಸ ಪ್ರಾರಂಭವಾಗಿತ್ತು. ೧೮೬೨ರಲ್ಲಿ ಪಾದ್ರಿಯಾಗಿ ಬಂದವರು ಅಲೆಕ್ಸಾಂಡರ್ ಹೆರಿಯಟ್ ಮೆಕಾನಕಿ. ಆಕ್ಸ್‌ಫರ್ಡಿನಲ್ಲಿ ಓದಿ, ಲಂಡನ್ನಿನ ಪೂರ್ವಭಾಗದ ಹಡಗುಕಟ್ಟೆಗಳ ಬಡವರ ನಡುವೆ ದುಡಿದು ಬಂದಿದ್ದ ಅವರಿಗೆ ಆಗ ಮೂವತ್ತೇಳು ವರ್ಷ. ಮಿತಭಾಷಿ, ಕಠಿಣ ವ್ರತಿ, ಹಿಡಿದುದನ್ನು ಬಿಡದ ಸ್ವಭಾವ. ಅವರಿಗೆ ಸಹಾಯಕರಾಗಿ ಬಂದ ಆರ್ಥರ್ ಹೆನ್ರಿ ಸ್ಟಾಂಟನ್ ಇದಕ್ಕೆ ವಿರುದ್ಧ. ಇಪ್ಪತ್ತಮೂರರ ತರುಣ, ಸಿರಿವಂತರ ಮಗ, ನಗುಮೊಗದವರು, ಕೇಳಿದವರ ಎದೆಯನ್ನು ಕಲಕುವ ವಾಗ್ಮಿ. ಮೆಕಾನಕಿಯವರ ಬಳಿಗೆ ಹೋದರೆ ಮುಂದೆ ಬಡತಿಯ ಆಸೆಯನ್ನು ಬಿಡಬೇಕಾದೀತೆಂದು ಲಂಡನ್ನಿನ ಬಿಷಪ್ ಟೇಟ್ ಆ ತರುಣರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಸ್ಟಾಂಟನ್ ಆ ಮಾತನ್ನು ಕೇಳಿಯೂ ಬಂದರು.

ಮೊದಲ ಪೂಜೆಗಳಲ್ಲಿ ಕೆಲವು ನಡೆದದ್ದು ಗ್ರೆವಿಲ್ ಬೀದಿಯ ಒಂದು ನೆಲಮಾಳಿಗೆಯಲ್ಲಿ. ೧೮೬೩ರ ಫೆಬ್ರವರಿ ೨೧ರಂದು ಬಿಷಪ್ ಟೇಟರೇ ಬಂದು ಹೊಸ ದೇವಾಲಯವನ್ನು ಪ್ರತಿಷ್ಠೆ ಮಾಡಿದರು. ಅಲ್ಲಿ ಯಾವ ಆಸನಕ್ಕೂ ಬಾಡಿಗೆಯಿರಲಿಲ್ಲ. ಮೊದಲು ಬಂದವನು ಮೊದಲು ಕುಳಿತುಕೊಳ್ಳಬಹುದಾಗಿತ್ತು. ಅವನು ಬ್ಯಾಂಕಿನ ಧಣಿಯಾಗಲಿ, ತಳ್ಳುಗಾಡಿಯಲ್ಲಿ ಮೀನು ಮಾರುವವನಾಗಲಿ.

ದೀಪ ಹಚ್ಚಿದ ಅಪರಾಧ

ಇಲ್ಲಿಂದ ಮುಂದೆ ನಡೆದುದನ್ನು ಕೇಳಿದರೆ ಕನ್ನಡ ವಾಚಕರಿಗೆ ವಿಸ್ಮಯವಾದೀತು. ದೇವರ ಮುಂದೆ ದೀಪ ಹಚ್ಚಿದುದಕ್ಕಾಗಿ, ಧೂಪ ಹಾಕಿದುದಕ್ಕಾಗಿ, ಮೊಣಕಾಲೂರಿದುದಕ್ಕಾಗಿ ಒಬ್ಬ ಪೂಜಾರಿಯ ಮೇಲೆ ಮೊಕದ್ದಮೆ ಹೂಡುವುದೆಂದರೇನು?

ಇದಕ್ಕೆ ಹಿಂದಿನ ಚರಿತ್ರೆಯೇ ಕಾರಣ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡು ರೋಮಿನ ಪೋಪರ ಅಧಿಕಾರವನ್ನು ಕಿತ್ತೊಗೆದಾಗ, ಹಳೆಯ ಪೂಜಾವಿಧಿಗಳಲ್ಲಿ ಬಹುಭಾಗವೂ ಅದರ ಜೊತೆಗೆ ಹೋಯಿತು. ಅಂದಿನಿಂದ ಧೂಪ, ಜರತಾರಿ ನಿಲುವಂಗಿ, ಹಗಲುದೀಪ ಎಂದರೆ ಆಂಗ್ಲರ ಕಣ್ಣಿಗೆ ರೋಮಿನ ದಾಸ್ಯದ ಗುರುತು. ೧೮೩೩ರಿಂದ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಚಳವಳಿಯೊಂದು ಆಂಗ್ಲ ಧರ್ಮಸಭೆಯ ಪ್ರಾಚೀನ ಪರಂಪರೆಯನ್ನು ಮತ್ತೆ ನೆನಪಿಗೆ ತಂದಿತು. ಅದರಿಂದ ಪ್ರೇರಿತರಾದ ತರುಣ ಪಾದ್ರಿಗಳು ಬಡವರ ಕೇರಿಗಳಿಗೆ ಹೋಗಿ ಆ ವಿಧಿಗಳನ್ನು ಮರಳಿ ಬಳಕೆಗೆ ತಂದರು. ಓದುಬರಹ ತಿಳಿಯದ ಜನರಿಗೆ ಎರಡು ಗಂಟೆಯ ಉಪನ್ಯಾಸಕ್ಕಿಂತ ಕಣ್ಣಿಗೆ ಕಾಣುವ ಬೆಳಕು, ಮೂಗಿಗೆ ತಾಕುವ ಪರಿಮಳ, ಕಿವಿ ತುಂಬುವ ಗಾನ ಹೆಚ್ಚು ಮುಟ್ಟುತ್ತವೆಂದು ಅವರ ನಂಬಿಕೆ. ವಾರವೆಲ್ಲ ಕೊಳಚೆಯಲ್ಲಿ ಕಳೆದವನಿಗೆ ಭಾನುವಾರವಾದರೂ ಸೌಂದರ್ಯದ ದರ್ಶನವಾಗಲೆಂಬುದೂ ಅವರ ಆಸೆ.

ವಿರೋಧಿಗಳು ಕೆಟ್ಟವರೆನ್ನುವಂತಿಲ್ಲ. ತಮ್ಮ ಪೂರ್ವಿಕರು ಪ್ರಾಣ ಕೊಟ್ಟು ಗಳಿಸಿದ ಸುಧಾರಣೆ ಹಿಂಬಾಗಿಲಿನಿಂದ ಕಳೆದುಹೋದೀತೆಂದು ಅವರು ನಿಜವಾಗಿ ಅಂಜಿದ್ದರು. ದೇವಾಲಯವನ್ನು ಕಟ್ಟಿಸಿಕೊಟ್ಟ ಹಬ್ಬರ್ಡರಿಗೇ ಈ ಪದ್ಧತಿಗಳೆಲ್ಲ ಒಪ್ಪಿಗೆಯಾಗಲಿಲ್ಲ. ಇಂಥ ಪಾದ್ರಿಗಳನ್ನು ನ್ಯಾಯಾಲಯಕ್ಕೆಳೆಯಲು ೧೮೬೫ರಲ್ಲಿ ಚರ್ಚ್ ಅಸೋಸಿಯೇಷನ್ ಎಂಬ ಸಂಘವು ಸ್ಥಾಪಿತವಾಯಿತು. ಆಂಗ್ಲ ಧರ್ಮಸಭೆ ರಾಜ್ಯದ ಅಂಗವಾದುದರಿಂದ ಅದರ ಪೂಜಾಕ್ರಮ ಪಾರ್ಲಿಮೆಂಟಿನ ಶಾಸನಕ್ಕೆ ಒಳಪಟ್ಟಿತ್ತು. ಹಾಗಾಗಿ ಪೂಜೆಯ ತಕರಾರೂ ವಕೀಲರ ಪಾಲಾಯಿತು.

೧೮೬೭ರಲ್ಲಿ ಮೆಕಾನಕಿಯವರ ಮೇಲೆ ಮೊದಲ ದಾವೆ ಹೂಡಲ್ಪಟ್ಟಿತು. ಆಪಾದನೆಗಳು ಐದು: ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ತಲೆಯ ಮೇಲೆ ಎತ್ತಿ ತೋರಿಸಿದ್ದು, ದ್ರಾಕ್ಷಾರಸಕ್ಕೆ ನೀರು ಬೆರೆಸಿದ್ದು, ಧೂಪ ಹಾಕಿದ್ದು, ಪ್ರತಿಷ್ಠಾಪ್ರಾರ್ಥನೆಯ ನಡುವೆ ಮೊಣಕಾಲೂರಿದ್ದು, ಪೂಜಾಪೀಠದ ಮೇಲೆ ಹಗಲಿನಲ್ಲಿ ಮೇಣದ ಬತ್ತಿ ಹಚ್ಚಿದ್ದು. ಕೆಳಗಿನ ನ್ಯಾಯಾಲಯದ ಸರ್ ರಾಬರ್ಟ್ ಫಿಲಿಮೋರ್ ಮೊದಲ ಮೂರನ್ನು ನಿಷೇಧಿಸಿ ಉಳಿದೆರಡಕ್ಕೆ ಅನುಮತಿಯಿತ್ತರು. ವಾದಿಗಳಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಮೊಕದ್ದಮೆ ಪ್ರಿವಿ ಕೌನ್ಸಿಲಿಗೆ ಹೋಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದ ಹೈಕೋರ್ಟುಗಳ ವ್ಯಾಜ್ಯಗಳೂ ಕಟ್ಟಕಡೆಗೆ ಹೋಗಿ ಮುಟ್ಟುತ್ತಿದ್ದುದು ಅಲ್ಲಿಗೇ. ಆ ಉನ್ನತ ಪೀಠವು ೧೮೬೮ರ ಕೊನೆಯಲ್ಲಿ ಮೊಣಕಾಲೂರುವುದನ್ನೂ ಹಗಲುದೀಪವನ್ನೂ ನಿಷೇಧಿಸಿತು.

ಮೆಕಾನಕಿ ಆಜ್ಞೆಯ ಅಕ್ಷರವನ್ನು ಪಾಲಿಸಲು ನೋಡಿದರು. ಮೊಣಕಾಲೂರಬಾರದಷ್ಟೆ? ಮಂಡಿಯನ್ನು ಬಗ್ಗಿಸಿ, ನೆಲಕ್ಕೆ ತಾಗಿಸದೆ ಎದ್ದರು. ಪ್ರತಿಪಕ್ಷದವರು ಹಣ ಕೊಟ್ಟು ಸಾಕ್ಷಿಗಾರರನ್ನು ಕಳುಹಿಸಿದರು. ಅವರು ಭಕ್ತರ ನಡುವೆ ಕುಳಿತು, ಪಾದ್ರಿಯ ಮಂಡಿಗೂ ನೆಲಕ್ಕೂ ನಡುವೆ ಎಷ್ಟು ಅಂತರವಿತ್ತೆಂದು ಗಮನಿಸುತ್ತಿದ್ದರು. ಸಾಮ್ರಾಜ್ಯದ ಮಹಾ ನ್ಯಾಯಮೂರ್ತಿಗಳು ಆ ಅಂತರವನ್ನು ಗಂಭೀರವಾಗಿ ವಿಚಾರಣೆ ಮಾಡಿದರು. ೧೮೭೦ರಲ್ಲಿ ಅವರಿಗೆ ಮೂರು ತಿಂಗಳ ಅಮಾನತಿನ ಶಿಕ್ಷೆಯಾಯಿತು.

೧೮೭೪ರಲ್ಲಿ ಎರಡನೆಯ ದಾವೆ. ೧೮೭೫ರಲ್ಲಿ ಆರು ವಾರಗಳ ಅಮಾನತು. ಆಗ ಪ್ಯಾರಿಷ್ಷಿನ ಭಾರ ಸ್ಟಾಂಟನ್ನರ ಮೇಲೆ ಬಿದ್ದಿತು. ನ್ಯಾಯಾಲಯ ಮೊಟಕುಗೊಳಿಸಿದ ರೀತಿಯಲ್ಲಿ ಪ್ರಭುಭೋಜನದ ಪೂಜೆಯನ್ನು ನಡೆಸಲು ಅವರು ಒಪ್ಪಲಿಲ್ಲ. ಕೇರಿಯ ಜನ ತಮ್ಮ ದೇವಾಲಯವನ್ನು ಬಿಟ್ಟು ಗುಂಪಾಗಿ ನಡೆದು ನಗರದ ಸಂತ ವೆಡಾಸ್ಟರ ದೇವಾಲಯಕ್ಕೆ ಹೋಗಿ ಪೂಜೆಯಲ್ಲಿ ಪಾಲ್ಗೊಂಡರು. ಅಲ್ಲಿಯ ಪಾದ್ರಿ ಪೆಲ್ಹಾಮ್ ಡೇಲ್ ಇದೇ ಬಗೆಯ ಅಪರಾಧಕ್ಕಾಗಿ ೧೮೮೦ರಲ್ಲಿ ಸೆರೆಮನೆಯನ್ನೇ ಕಂಡರು. ಒಟ್ಟು ಐದು ಮಂದಿ ಪಾದ್ರಿಗಳು ಆ ವರ್ಷಗಳಲ್ಲಿ ಸೆರೆವಾಸ ಅನುಭವಿಸಿದರು.

ಕೇರಿಯ ಬಾಳು

ಪತ್ರಿಕೆಗಳು ಧೂಪ-ದೀಪಗಳ ಸುದ್ದಿಯನ್ನೇ ದೊಡ್ಡದು ಮಾಡಿದವು. ಕೇರಿಯವರಿಗೆ ಅದಕ್ಕಿಂತ ಹೆಚ್ಚಿನ ಸಂಗತಿಗಳು ತಿಳಿದಿದ್ದವು. ಪಾದ್ರಿಗಳು ದೇವಾಲಯಕ್ಕೆ ಅಂಟಿಕೊಂಡ ಮನೆಯಲ್ಲಿ ಕೂಡಿ ಬಾಳುತ್ತಿದ್ದರು. ಕಾಯಿಲೆ ಬಿದ್ದವರ ಮೆಟ್ಟಲುಗಳನ್ನು ಹೊತ್ತಿಲ್ಲದ ಹೊತ್ತಿನಲ್ಲಿ ಹತ್ತುತ್ತಿದ್ದವರು ಅವರೇ. ಹುಡುಗ ಹುಡುಗಿಯರಿಗೆ ಶಾಲೆಗಳು ತೆರೆದವು. ಗಂಡಸರಿಗೆ, ಹೆಂಗಸರಿಗೆ, ಕೆಲಸಕ್ಕೆ ಹೋಗುವ ಹುಡುಗರಿಗೆ ಬೇರೆಬೇರೆ ಕೂಟಗಳು ಹುಟ್ಟಿದವು. ಪ್ರತಿದಿನ ಮುಂಜಾನೆ ಕೆಲಸಕ್ಕೆ ಹೋಗುವ ಮೊದಲೇ ಪೂಜೆಯಲ್ಲಿ ಸೇರಿಕೊಳ್ಳುವ ಅನುಕೂಲವಿತ್ತು.

ಬಡವನಿಗೆ ಸಾವಿನ ಭಯಕ್ಕಿಂತ ದಿಕ್ಕಿಲ್ಲದ ಹೆಣವಾಗಿ ಹೋಗುವ ಭಯ ದೊಡ್ಡದು. ಲಂಡನ್ನಿನ ಸ್ಮಶಾನಗಳು ತುಂಬಿಹೋಗಿದ್ದ ಕಾಲದಲ್ಲಿ, ನಗರದಿಂದ ದೂರದ ಬ್ರೂಕ್‌ವುಡ್ಡಿನಲ್ಲಿ ವಿಶಾಲವಾದ ರುದ್ರಭೂಮಿಯೊಂದು ೧೮೫೪ರಲ್ಲಿ ತೆರೆಯಲ್ಪಟ್ಟಿತು. ವಾಟರ್‌ಲೂ ನಿಲ್ದಾಣದ ಬಳಿಯಿಂದ ಅಲ್ಲಿಗೆ ಶವಗಳಿಗೆಂದೇ ಪ್ರತ್ಯೇಕ ರೈಲು. ಆ ರೈಲಿನಲ್ಲಿ ಬದುಕಿದ್ದವರಿಗೆ ಮಾತ್ರವಲ್ಲದೆ ಸತ್ತವರಿಗೂ ಮೊದಲನೆಯ, ಎರಡನೆಯ, ಮೂರನೆಯ ದರ್ಜೆಗಳಿದ್ದವು. ಶವಕ್ಕೆ ಕೊಡುತ್ತಿದ್ದುದು ಹೋಗುವ ದಾರಿಯ ಟಿಕೆಟ್ಟು ಮಾತ್ರ. ಸಂತ ಆಲ್ಬನ್ನರ ಪ್ಯಾರಿಷ್ಷಿಗೆ ಅಲ್ಲಿ ತನ್ನದೇ ಆದ ಒಂದು ಭಾಗ ದೊರೆಯಿತು. ಒಂದೇ ಓಣಿಯಲ್ಲಿ ಬಾಳಿದವರು ಒಂದೇ ಮಣ್ಣಿನಲ್ಲಿ, ಹೆಸರು ಹಿಡಿದು ಪ್ರಾರ್ಥಿಸುವವರ ನಡುವೆ ಮಲಗುವಂತಾಯಿತು.

ಸ್ಟಾಂಟನ್ನರ ಒಲವು ಅಂಚೆಪೇದೆಗಳ ಕಡೆಗೆ ಹರಿಯಿತು. ನಸುಕಿನಲ್ಲಿ ಒಂದು ಸರದಿ, ಮಧ್ಯಾಹ್ನ ಇನ್ನೊಂದು ಸರದಿ. ನಡುವಿನ ಗಂಟೆಗಳನ್ನು ಮಳೆಯಲ್ಲಿಯೋ ಹೆಂಡದಂಗಡಿಯಲ್ಲಿಯೋ ಕಳೆಯಬೇಕಾಗಿದ್ದ ಆ ನೌಕರರಿಗಾಗಿ ಅವರು ಸಂತ ಮಾರ್ಟಿನ್ನರ ಹೆಸರಿನ ಸಂಘವನ್ನು ಕಟ್ಟಿ, ಕುಳಿತು ದಣಿವಾರಿಸಿಕೊಳ್ಳಲು ಮನೆಗಳನ್ನು ಏರ್ಪಡಿಸಿದರು.

ಮಂಜಿನಲ್ಲಿ ಮಡಿದವರು

೧೮೮೨ರ ನವೆಂಬರಿನಲ್ಲಿ ಮೆಕಾನಕಿಯವರಿಗೆ ಒಂದು ಕಾಗದ ಬಂದಿತು. ಬರೆದವರು ಟೇಟ್. ಮಂದಿರವನ್ನು ಪ್ರತಿಷ್ಠೆ ಮಾಡಿದ ಆ ಬಿಷಪ್ಪರು ಈಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು. ಇಂಥ ಪೂಜಾವಿಧಿಗಳನ್ನು ಹತ್ತಿಕ್ಕಲು ೧೮೭೪ರಲ್ಲಿ ಹೊಸ ಶಾಸನವನ್ನು ತಂದವರೂ ಅವರೇ. ಇಪ್ಪತ್ತು ವರ್ಷಗಳ ಎದುರಾಳಿ ಈಗ ಮರಣಶಯ್ಯೆಯಲ್ಲಿದ್ದರು. ಧರ್ಮಸಭೆಯ ಶಾಂತಿಗಾಗಿ ತಾವಾಗಿಯೇ ಸ್ಥಾನವನ್ನು ಬಿಟ್ಟುಕೊಡಬೇಕೆಂದು ಅವರು ಬೇಡಿಕೊಂಡಿದ್ದರು. ನ್ಯಾಯಾಲಯಗಳಿಗೆ ಬಗ್ಗದ ಮೆಕಾನಕಿ ಸಾಯುತ್ತಿರುವವರ ಮಾತಿಗೆ ಬಗ್ಗಿದರು. ಒಪ್ಪಿಗೆಯ ಉತ್ತರವನ್ನು ಕಂಡು, ಡಿಸೆಂಬರ್ ೩ರಂದು ಟೇಟ್ ಕಣ್ಣುಮುಚ್ಚಿದರು.

ಮೆಕಾನಕಿ ಹಡಗುಕಟ್ಟೆಗಳ ಬಳಿಯ ಸಂತ ಪೇತ್ರರ ದೇವಾಲಯಕ್ಕೆ ಹೋದರು. ಅಲ್ಲಿಂದ ರಾಬರ್ಟ್ ಸಕ್ಲಿಂಗ್ ಹೋಬರ್ನಿಗೆ ಬಂದರು. ಸತ್ತವರು ಬಯಸಿದ ಶಾಂತಿ ಮಾತ್ರ ಬರಲಿಲ್ಲ. ದಾವೆ ಮುಂದುವರಿಯಿತು. ೧೮೮೩ರಲ್ಲಿ ನ್ಯಾಯಾಲಯವು ಅವರನ್ನು ಸ್ಥಾನಭ್ರಷ್ಟರೆಂದು ಸಾರಿತು. ಹೊಸ ಪ್ಯಾರಿಷ್ಷಿಗೆ ತೊಂದರೆಯಾಗಬಾರದೆಂದು ಅವರು ಅದನ್ನೂ ಬಿಟ್ಟರು. ಹದಿನಾರು ವರ್ಷಗಳ ಹೋರಾಟ ಅವರ ದೇಹವನ್ನೂ ಬುದ್ಧಿಯನ್ನೂ ಹಣ್ಣುಮಾಡಿತ್ತು. ಯಾವ ಅಧಿಕಾರವೂ ಇಲ್ಲದೆ, ನೆನಪು ಮಸಳುತ್ತ, ಅವರು ಹಳೆಯ ಹೋಬರ್ನಿನ ಮನೆಗೇ ಮರಳಿ ಬಂದರು. ಕೇರಿ ಅವರನ್ನು ಮೊದಲಿನಂತೆಯೇ ಬರಮಾಡಿಕೊಂಡಿತು. ದೇವಾಲಯದ ಹೆಸರಿನ ಸಂತ ಆಲ್ಬನ್ ರೋಮನರ ಕಾಲದಲ್ಲಿ ಬೆನ್ನಟ್ಟಲ್ಪಟ್ಟ ಒಬ್ಬ ಪಾದ್ರಿಗೆ ತನ್ನ ಮನೆಯಲ್ಲಿ ಆಶ್ರಯವಿತ್ತು, ಅವನ ಬದಲಿಗೆ ತಾನೇ ಪ್ರಾಣ ತೆತ್ತನೆಂಬುದು ಐತಿಹ್ಯ. ಆ ಹೆಸರಿಗೆ ತಕ್ಕಂತೆಯೇ ಕೇರಿಯವರು ನಡೆದುಕೊಂಡರು.

೧೮೮೭ರ ಡಿಸೆಂಬರಿನಲ್ಲಿ ಮೆಕಾನಕಿ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ತಮ್ಮ ಮಿತ್ರ ಬಿಷಪ್ ಚಿನ್ನರಿ-ಹಾಲ್ಡೇನರ ಅತಿಥಿಯಾಗಿದ್ದರು. ೧೫ರಂದು ಮನೆಯ ಎರಡು ನಾಯಿಗಳನ್ನು ಕರೆದುಕೊಂಡು ತಿರುಗಾಡಲು ಹೊರಟರು. ಒಂದು ಜಿಂಕೆಬೇಟೆಯ ದೊಡ್ಡ ನಾಯಿ, ಇನ್ನೊಂದು ಪುಟ್ಟ ಟೆರಿಯರ್. ಮಮೋರ್ ಕಾಡಿನಲ್ಲಿ ಕತ್ತಲೆ ಕವಿಯಿತು, ಹಿಮದ ಬಿರುಗಾಳಿ ಎದ್ದಿತು, ದಾರಿ ತಪ್ಪಿತು. ಎರಡು ದಿನ ಹುಡುಕಿದ ಮೇಲೆ ಬಿಷಪ್ಪರ ತಂಡಕ್ಕೆ ಹಿಮದ ನಡುವೆ ಎರಡು ನಾಯಿಗಳು ಕಾಣಿಸಿದವು. ಅವುಗಳ ಮಧ್ಯೆ ಅರುವತ್ತೆರಡು ವರ್ಷದ ಪಾದ್ರಿ ಮಂಜಿನಲ್ಲಿ ತಲೆಯಿಟ್ಟು ನಿದ್ರಿಸುವಂತೆ ಮಲಗಿದ್ದರು. ಎರಡು ರಾತ್ರಿ ಅನ್ನನೀರಿಲ್ಲದೆ ಆ ಮೂಕಪ್ರಾಣಿಗಳು ಕಾವಲು ಬಿಟ್ಟು ಕದಲಿರಲಿಲ್ಲ.

ಶವವನ್ನು ಹೋಬರ್ನಿಗೆ ತಂದರು. ಯಾವ ಪೀಠದ ಮುಂದೆ ನಿಲ್ಲುವ ಅಧಿಕಾರವನ್ನು ನ್ಯಾಯಾಲಯ ಕಿತ್ತುಕೊಂಡಿತ್ತೋ ಅದರ ಮುಂದೆಯೇ ಅವರನ್ನು ಮಲಗಿಸಿದರು. ಬಳಿಕ ಬ್ರೂಕ್‌ವುಡ್ಡಿನಲ್ಲಿ, ಅವರ ಪ್ಯಾರಿಷ್ಷಿನ ಜನ ಮಲಗಿದ್ದ ಮಣ್ಣಿನಲ್ಲಿಯೇ ಸಮಾಧಿಯಾಯಿತು.

ಐವತ್ತು ವರ್ಷದ ಸಹಾಯಕ

ಸ್ಟಾಂಟನ್ನರ ವಿಷಯದಲ್ಲಿ ಬಿಷಪ್ ಟೇಟರ ಎಚ್ಚರಿಕೆ ನಿಜವಾಯಿತು. ೧೮೬೨ರಲ್ಲಿ ಸಹಾಯಕ ಪಾದ್ರಿಯಾಗಿ ಬಂದವರು ೧೯೧೩ರವರೆಗೂ ಸಹಾಯಕ ಪಾದ್ರಿಯಾಗಿಯೇ ಉಳಿದರು. ಅರ್ಧ ಶತಮಾನದಲ್ಲಿ ಒಂದು ಬಿಡಿಗಾಸು ಸಂಬಳವನ್ನೂ ಮುಟ್ಟಲಿಲ್ಲ. ಆದರೆ ಸೋಮವಾರ ಸಂಜೆ ಅವರು ಉಪದೇಶಕ್ಕೆ ನಿಂತರೆ ಗುಮಾಸ್ತರು, ಅಂಗಡಿಯವರು, ಕೂಲಿಯವರು ಕಿಕ್ಕಿರಿದು ನೆರೆಯುತ್ತಿದ್ದರು. ಕೊನೆಗಾಲದಲ್ಲಿ ಲಂಡನ್ನಿನ ಬಿಷಪ್ಪರು ಸಂತ ಪಾಲರ ಮಹಾದೇವಾಲಯದಲ್ಲಿ ಗೌರವಸ್ಥಾನವೊಂದನ್ನು ನೀಡಲು ಮುಂದೆ ಬಂದರು. ಸ್ಟಾಂಟನ್ ವಿನಯದಿಂದ ಬೇಡವೆಂದರು. ೧೯೧೩ರ ಮಾರ್ಚ್ ೨೮ರಂದು ಅವರು ತೀರಿಕೊಂಡರು. ಹೋಬರ್ನಿನಿಂದ ವಾಟರ್‌ಲೂವಿಗೆ ಅವರ ಶವ ಸಾಗಿದಾಗ ಬೀದಿಯ ಇಕ್ಕೆಲಗಳಲ್ಲಿ ಸಾವಿರಾರು ಮಂದಿ ಟೋಪಿ ತೆಗೆದು ನಿಂತರು. ಯಾವ ಪದವಿಯೂ ಇಲ್ಲದ ಒಬ್ಬ ಸಹಾಯಕ ಪಾದ್ರಿಗೆ ಲಂಡನ್ ನಗರ ತೋರಿದ ಮರ್ಯಾದೆ ಅದು.

ಬೆಂಕಿಯ ನಂತರ

ಎರಡನೆಯ ಮಹಾಯುದ್ಧದಲ್ಲಿ, ೧೯೪೧ರ ಏಪ್ರಿಲ್ ತಿಂಗಳ ಒಂದು ರಾತ್ರಿ, ಜರ್ಮನ್ ವಿಮಾನಗಳು ಸುರಿಸಿದ ಬೆಂಕಿಗೆ ಬಟರ್‌ಫೀಲ್ಡರ ಮಂದಿರ ಆಹುತಿಯಾಯಿತು. ಚಾವಣಿ ಕುಸಿಯಿತು, ಒಳಗಿನದೆಲ್ಲ ಬೂದಿಯಾಯಿತು. ಗೋಪುರ, ಹೊರಗೋಡೆಗಳ ಕೆಲವು ಭಾಗ, ಮೆಕಾನಕಿಯವರ ನೆನಪಿಗಾಗಿ ೧೮೯೧ರಲ್ಲಿ ಕಟ್ಟಿದ ಪುಟ್ಟ ಪ್ರಾರ್ಥನಾಮಂದಿರ, ಇಷ್ಟು ಮಾತ್ರ ಉಳಿದವು. ಏಡ್ರಿಯನ್ ಗಿಲ್ಬರ್ಟ್ ಸ್ಕಾಟ್ ಹಳೆಯ ಗೋಡೆಗಳನ್ನು ಬಳಸಿಕೊಂಡು ಅದನ್ನು ಮತ್ತೆ ಕಟ್ಟಿದರು. ೧೯೬೧ರಲ್ಲಿ ಬಾಗಿಲು ತೆರೆಯಿತು.

ಪೂಜಾಪೀಠದ ಹಿಂದಿನ ಬರಿಗೋಡೆಗೆ ೧೯೬೬ರಲ್ಲಿ ಬೃಹತ್ತಾದ ಭಿತ್ತಿಚಿತ್ರವೊಂದು ಬಂದಿತು. ಬರೆದವರು ಹಾನ್ಸ್ ಫೈಬುಷ್. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಯೆಹೂದಿ ಕುಲದಲ್ಲಿ ಹುಟ್ಟಿ, ೧೯೩೩ರಲ್ಲಿ ನಾಜಿಗಳ ದೆಸೆಯಿಂದ ದೇಶಬಿಟ್ಟು ಬಂದವರು. ಅವರ ಕೃತಿಯನ್ನು ನಾಜಿಗಳು ೧೯೩೭ರಲ್ಲಿ 'ಪತಿತ ಕಲೆ'ಯೆಂಬ ಪ್ರದರ್ಶನದಲ್ಲಿಟ್ಟು ಅಪಹಾಸ್ಯ ಮಾಡಿದ್ದರು. ಜರ್ಮನ್ ಬಾಂಬುಗಳು ಸುಟ್ಟ ಮಂದಿರವನ್ನು ಹೀಗೆ ಜರ್ಮನಿಯಿಂದ ಓಡಿಬಂದವರೊಬ್ಬರ ಕೈ ಸಿಂಗರಿಸಿತು.

ಮೆಕಾನಕಿಯವರನ್ನು ಬೆನ್ನಟ್ಟಿದ ೧೮೪೦ರ ಕಾಯಿದೆಯೂ, ಇತರ ಪಾದ್ರಿಗಳನ್ನು ಸೆರೆಗೆ ತಳ್ಳಿದ ೧೮೭೪ರ ಕಾಯಿದೆಯೂ ೧೯೬೩ರ ಹೊಸ ಶಾಸನದಿಂದ ರದ್ದಾದವು. ಅದು ದೇವಾಲಯದ ಪ್ರತಿಷ್ಠೆಯ ನೂರನೆಯ ವರ್ಷ. ಅಂದು ಅಪರಾಧವಾಗಿದ್ದ ದೀಪಗಳು ಆ ವೇಳೆಗೆ ಇಂಗ್ಲೆಂಡಿನ ಅಸಂಖ್ಯಾತ ದೇವಾಲಯಗಳಲ್ಲಿ ನಿತ್ಯದ ಸಂಗತಿಯಾಗಿದ್ದವು.

ಕೇರಿಯೂ ಈಗ ಹಿಂದಿನ ಕೇರಿಯಲ್ಲ. ಕಳ್ಳರ ಓಣಿಗಳಿದ್ದಲ್ಲಿ ಕಚೇರಿಗಳು ಎದ್ದಿವೆ. ಕೂಗಳತೆಯ ಹ್ಯಾಟನ್ ಗಾರ್ಡನ್ನಿನಲ್ಲಿ ವಜ್ರದ ವ್ಯಾಪಾರ ನಡೆಯುತ್ತದೆ. ಆದರೂ ಬಾಲ್ಡ್‌ವಿನ್ಸ್ ಗಾರ್ಡನ್ಸಿನಲ್ಲಿ ಸಂತ ಆಲ್ಬನ್ನರ ಹೆಸರಿನ ಶಾಲೆಯಿದೆ. ಬ್ರೂಕ್ ಬೀದಿಯ ಕೊನೆಯ ದೇವಾಲಯದಲ್ಲಿ ಪೂಜೆ ನಿಂತಿಲ್ಲ. ಧೂಪದ ಪರಿಮಳವೂ ನಿಂತಿಲ್ಲ. ಒಳಗೆ ಕಾಲಿಟ್ಟವನನ್ನು ಆಸನಕ್ಕೆ ಬಾಡಿಗೆ ಕೊಟ್ಟಿರುವೆಯಾ ಎಂದು ಕೇಳುವವರು ಅಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ.